ಉಣುಗು ಕೀಳುವ ಕೈಗೆ ಒಂದು ಚಿಮಟ ಕೊಡಿ

ಕಳೆದ ತಿಂಗಳು ಒಂದು ಸಂಜೆ ನಮ್ಮ ಸಂಘದಲ್ಲಿ ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದಾಗ ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಮನೆ ನಾಯಿಗೆ ಉಣುಗು ಹತ್ತಿದರೆ ಹೇಗೆ ಕೀಳ್ತೀರಿ?"

ಒಬ್ಬರು ಹೆಬ್ಬೆರಳಿನ ಉಗುರು ತೋರಿಸಿದರು. ಇನ್ನೊಬ್ಬರು ಸೀಮೆಎಣ್ಣೆ ಹಚ್ಚುತ್ತೇವೆ ಎಂದರು. ಊದುಬತ್ತಿಯಿಂದ ಸುಡುವವರು ಇಬ್ಬರಿದ್ದರು. ಹೊಗೆಸೊಪ್ಪಿನ ನೀರು, ಸುಣ್ಣ, ಕೊಬ್ಬರಿ ಎಣ್ಣೆ ಎಲ್ಲವೂ ಬಂದವು. "ಮಕ್ಕಳಿಗೆ ಹತ್ತಿದರೆ?" ಎಂದೆ. "ಅದೇ." "ಕಿತ್ತ ಉಣುಗನ್ನು ಏನು ಮಾಡ್ತೀರಿ?" "ಹೇನು ಕುಟ್ಟಿದ ಹಾಗೆ ಉಗುರಲ್ಲಿ ಕುಟ್ಟೋದು." "ಆಮೇಲೆ?" "ಆಮೇಲೆ ಏನು ಮಾರಾಯ್ತಿ, ಹಾಲು ಕರೆಯೋಕೆ ಕೂರೋದು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಏಕೆಂದರೆ ಮೂರು ವರ್ಷದ ಹಿಂದಿನವರೆಗೆ ನಾನು ಮಾಡುತ್ತಿದ್ದುದೂ ಅದನ್ನೇ.

ಕೆಚ್ಚಲು ತೊಳೆದು ಒರೆಸುವುದು ಹೇಗೆ, ಕೆಚ್ಚಲು ಬಾವು ಗುರುತಿಸುವುದು ಹೇಗೆ, ಕ್ಯಾನು ಬೋರಲು ಹಾಕಿ ಒಣಗಿಸುವುದು ಏಕೆ ಎಂದು ಒಕ್ಕೂಟದವರು ನಮಗೆ ಎಷ್ಟೋ ಸಲ ಹೇಳಿಕೊಟ್ಟಿದ್ದಾರೆ. ಅದರಿಂದ ನಮಗೆ ಲಾಭವೂ ಆಗಿದೆ. ಆದರೆ ಉಣುಗು ಕೀಳುವುದನ್ನು ಯಾರೂ ಹೇಳಿಕೊಟ್ಟಿಲ್ಲ. ಅದು ಹೆಂಗಸರಿಗೆ ಹುಟ್ಟಿನಿಂದಲೇ ಬರುವ ಕೆಲಸ ಎಂದು ಅವರು ಅಂದುಕೊಂಡಿದ್ದಾರೆ. ನಾವೂ ಹಾಗೇ ಅಂದುಕೊಂಡಿದ್ದೇವೆ. ನಮಗೆ ಅದು ಸರಿಯಾಗಿ ಬರುವುದಿಲ್ಲ ಎಂದು ಹೇಳುವುದಕ್ಕೇ ಈ ಬರಹ. ಮಲೆನಾಡಿನ ಮನೆಗಳಲ್ಲಿ ಇದು ಸಣ್ಣ ವಿಷಯವೂ ಅಲ್ಲ.

ನಾನು ಕಲಿತದ್ದು ಹೇಗೆ

ನಮ್ಮ ಮನೆಯ ನಾಯಿ ಕರಿಯ. ಹಸುಗಳ ಹಿಂದೆ ಬೆಟ್ಟಕ್ಕೆ ಹೋಗಿ, ಸಂಜೆ ಅವುಗಳ ಜೊತೆಗೇ ಮನೆಗೆ ಬರುವವನು. ಒಂದು ದಿನ ಅವನ ಕಿವಿಯೊಳಗೆ ತೊಗರಿ ಕಾಳಿನಷ್ಟು ಊದಿದ ಉಣುಗು ಕಂಡಿತು. ಉಗುರಿಗೆ ಸಿಗಲಿಲ್ಲ. ದೇವರ ಮುಂದೆ ಉರಿಯುತ್ತಿದ್ದ ಊದುಬತ್ತಿ ತಂದು ಉಣುಗಿಗೆ ಮುಟ್ಟಿಸಿದೆ. ಅದು ಉಣುಗಿಗೆ ತಾಗಿತೋ ಇಲ್ಲವೋ, ಕರಿಯನ ಕಿವಿಗಂತೂ ತಾಗಿತು. ಎಂದೂ ಹಲ್ಲು ತೋರಿಸದವನು ನನ್ನ ಬಲಗೈ ಬೆರಳು ಕಚ್ಚಿದ.

ತಪ್ಪು ಅವನದಲ್ಲ. ಅವನಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದೇ ಇದ್ದದ್ದು ಕೂಡ ನಮ್ಮದೇ ತಪ್ಪು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋದೆ. ಚುಚ್ಚುಮದ್ದಿಗೆ ನಾಲ್ಕು ಸಲ ಬಸ್ಸು ಹತ್ತಿದೆ. ಬೆರಳಿನ ಗಾಯ ಮಾಯುವವರೆಗೆ ನಮ್ಮ ಮನೆಯವರೇ ಹಾಲು ಕರೆಯಬೇಕಾಯಿತು. ನನ್ನ ಕೈಗೆ ಒಗ್ಗಿದ ಹಸು ಅವರಿಗೆ ಸರಿಯಾಗಿ ಹಾಲು ಬಿಡಲಿಲ್ಲ. ಆ ವಾರದ ಬಟವಾಡೆ ನೋಡಿದಾಗ, ಒಂದು ಊದುಬತ್ತಿಯ ಬೆಲೆ ಎಷ್ಟಾಯಿತು ಎಂದು ಲೆಕ್ಕ ಸಿಕ್ಕಿತು.

ಅದಕ್ಕಿಂತ ದೊಡ್ಡ ಪಾಠ ಮುಂದಿನ ಫೆಬ್ರವರಿಯಲ್ಲಿ ಆಯಿತು. ಕೊಟ್ಟಿಗೆಗೆ ಹಾಸಲು ದರಗು ತರಲು ಅತ್ತೆ ಬೆಟ್ಟಕ್ಕೆ ಹೋಗಿ ಬಂದಿದ್ದರು. ಕೆಲವು ದಿನದ ಮೇಲೆ ಜ್ವರ, ತಲೆ ಸಿಡಿಯುವ ನೋವು, ಸೊಂಟ ಎತ್ತಲಾಗದಷ್ಟು ಮೈಕೈ ನೋವು. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಉಣುಗು ಕಚ್ಚಿತ್ತಾ? ಯಾವತ್ತು?" ನಾನು ಅತ್ತೆಯ ಮುಖ ನೋಡಿದೆ, ಅತ್ತೆ ನನ್ನ ಮುಖ ನೋಡಿದರು. "ದಿನಾ ಕಚ್ಚುತ್ತಲೇ ಇರ್ತದಲ್ಲ, ಅದನ್ನ ಯಾರು ನೆನಪಿಟ್ಟುಕೊಳ್ತಾರೆ?" ಎಂದರು ಅತ್ತೆ. ರಕ್ತದ ಮಾದರಿ ಪರೀಕ್ಷೆಗೆ ಹೋಯಿತು. ಮಂಗನ ಕಾಯಿಲೆ ಅಲ್ಲ ಎಂಬ ವರದಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಅದೃಷ್ಟ ಒಳ್ಳೆಯದಿತ್ತು. ಎಲ್ಲರ ಮನೆಯಲ್ಲೂ ಹಾಗೆ ಆಗಿಲ್ಲ.

ನಮ್ಮ ನೆಲದ ಕಾಯಿಲೆ

ಮಂಗನ ಕಾಯಿಲೆಯ ಹೆಸರು ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರಿಗೆ ಜ್ವರ ಬಂದಾಗ ಇದರ ವೈರಾಣು ಪತ್ತೆಯಾಯಿತು. ಅದಕ್ಕೇ ವೈದ್ಯರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ. ಎನ್ನುತ್ತಾರೆ. 2018ರ ಕೊನೆ ಮತ್ತು 2019ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಏನಾಯಿತು ಎಂಬುದನ್ನು ನಮ್ಮ ಕಡೆಯವರು ಮರೆತಿಲ್ಲ. ಇಂದು ಈ ಕಾಯಿಲೆ ಕೇರಳ, ಗೋವಾ, ಮಹಾರಾಷ್ಟ್ರದ ಕಾಡಂಚಿನ ಊರುಗಳನ್ನೂ ಮುಟ್ಟಿದೆ.

ಇದನ್ನು ನಮಗೆ ದಾಟಿಸುವುದು ಮಂಗವಲ್ಲ, ಉಣುಗು. ಕಾಯಿಲೆ ಬಿದ್ದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ತರಗೆಲೆ ಸೇರುತ್ತವೆ. ನವೆಂಬರ್‌ನಿಂದ ಮೇವರೆಗೆ, ಅದರಲ್ಲೂ ಜನವರಿಯಿಂದ ಮಾರ್ಚ್‌ವರೆಗೆ, ಉಣುಗಿನ ಮರಿಗಳು ಕಾಡಿನಲ್ಲಿ ತುಂಬಿರುತ್ತವೆ. ರಾಗಿ ಕಾಳಿಗಿಂತ ದೊಡ್ಡದಿಲ್ಲದ ಈ ಮರಿಗಳೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಇದನ್ನೇ ಗುರಿಯಿಟ್ಟು ಕೊಲ್ಲುವ ಔಷಧಿ ಇನ್ನೂ ಇಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರಲ್ಲಿ ಹೆಚ್ಚಿನವರು ಉಳಿದುಕೊಳ್ಳುತ್ತಾರೆ.

ಈ ತಿಂಗಳುಗಳಲ್ಲಿ ಕಾಡಿಗೆ ಹೋಗುವವರು ಯಾರು? ದರಗು ಗುಡಿಸಿ ತರುವವರು, ಸೊಪ್ಪು ಕಡಿಯುವವರು, ಸೌದೆ ಹೊರುವವರು, ಸಂಜೆಯಾದರೂ ಬಾರದ ಹಸುವನ್ನು ಹುಡುಕಿ ಹೊರಡುವವರು. ಅಂದರೆ ನಾವೇ. ತಂದ ದರಗನ್ನು ಕೊಟ್ಟಿಗೆಯಲ್ಲಿ ಹರಡಿ, ಅದರ ಮೇಲೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವವರೂ ನಾವೇ. ಹಸು ಈ ಕಾಯಿಲೆಯನ್ನು ನಮಗೆ ನೇರವಾಗಿ ಕೊಡುವುದಿಲ್ಲ. ಆದರೆ ದೊಡ್ಡ ಉಣುಗುಗಳು ಅದರ ಮೈಮೇಲೆ ಹೊಟ್ಟೆ ತುಂಬಿಸಿಕೊಂಡು ಮೊಟ್ಟೆ ಇಡುತ್ತವೆ, ಕಾಡಿನಿಂದ ಮನೆಯಂಗಳಕ್ಕೂ ಬರುತ್ತವೆ.

ಉಣುಗಿನ ಕಾಟ ಇಷ್ಟಕ್ಕೇ ಮುಗಿಯುವುದಿಲ್ಲ. ಮಿಶ್ರತಳಿ ಹಸುಗಳಿಗೆ ಥೈಲೇರಿಯಾ ಬರುವುದು, ಮೂತ್ರ ಕೆಂಪಾಗುವ ಬಬೇಸಿಯಾ ಬರುವುದು ಉಣುಗಿನಿಂದಲೇ. ನಾಯಿಯ ಮೈಮೇಲಿನ ಕಂದು ಉಣುಗು ನಾಯಿಗೆ ರಕ್ತ ಕೆಡಿಸುವ ಜ್ವರ ತರುತ್ತದೆ. ಅದೇ ಉಣುಗು ಮನುಷ್ಯರಿಗೂ ಮೈಮೇಲೆ ಕೆಂಪು ದದ್ದು ಏಳುವ ಒಂದು ಬಗೆಯ ಜ್ವರವನ್ನು ದಾಟಿಸಬಲ್ಲದು.

ಉಗುರು, ಬೆಂಕಿ, ಎಣ್ಣೆ ಏಕೆ ಬೇಡ

ಉಣುಗು ಸೊಳ್ಳೆಯ ಹಾಗೆ ಚುಚ್ಚಿ ಹಾರಿಹೋಗುವುದಿಲ್ಲ. ಗರಗಸದಂಥ ಬಾಯನ್ನು ಚರ್ಮದೊಳಗೆ ಇಳಿಸಿ, ಸುತ್ತ ಅಂಟು ಸುರಿಸಿ, ದಿನಗಟ್ಟಲೆ ಅಲ್ಲೇ ಕೂರುತ್ತದೆ. ಹಾಗಾಗಿ ಸುಟ್ಟರೂ ಎಣ್ಣೆ ಹಚ್ಚಿದರೂ ತಕ್ಷಣ ಬಿಟ್ಟು ಬೀಳುವುದಿಲ್ಲ. ಬದಲಿಗೆ ಸಂಕಟಕ್ಕೆ ತನ್ನ ಜೊಲ್ಲನ್ನು, ಹೊಟ್ಟೆಯೊಳಗಿನದನ್ನು ಗಾಯದೊಳಕ್ಕೆ ಇನ್ನಷ್ಟು ಬಿಡಬಹುದು. ಕಾಯಿಲೆ ಇರುವುದೇ ಅದರಲ್ಲಿ. ಎಣ್ಣೆ ಹಚ್ಚಿ ಕಾಯುವಷ್ಟು ಹೊತ್ತು ಅದು ಇನ್ನೂ ಕಚ್ಚಿಕೊಂಡೇ ಇರುತ್ತದೆ ಎಂಬುದನ್ನೂ ಮರೆಯಬಾರದು. ಸೀಮೆಎಣ್ಣೆಯಂತೂ ಮಗುವಿನ ಚರ್ಮವನ್ನೂ ನಾಯಿಯ ಚರ್ಮವನ್ನೂ ಸುಡುತ್ತದೆ. ನಾಯಿ ಅದನ್ನು ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಉಗುರಿನಲ್ಲಿ ಹಿಡಿದಾಗ ನಾವು ಹಿಡಿಯುವುದು ಅದರ ಊದಿದ ಹೊಟ್ಟೆಯನ್ನು. ಒತ್ತಿದಾಗ ಒಳಗಿನದೆಲ್ಲ ಗಾಯದ ಕಡೆಗೆ ಹೋಗುತ್ತದೆ, ಇಲ್ಲವೇ ಹೊಟ್ಟೆ ಒಡೆದು ನಮ್ಮ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಹುಲ್ಲು ಕೊಯ್ದು, ಕತ್ತಿ ತಾಗಿ ಸೀಳಿದ ಬೆರಳುಗಳು ನಮ್ಮವು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತೇವೆ, ಅದೇ ಕೈಯಲ್ಲಿ ಕೆಚ್ಚಲು ಹಿಡಿಯುತ್ತೇವೆ.

ಸರಿಯಾಗಿ ಕೀಳುವ ಬಗೆ

ಇದಕ್ಕೆ ಬೇಕಾದದ್ದು ತುದಿ ಚೂಪಾದ ಒಂದು ಚಿಮಟ. ಮುಳ್ಳು ತೆಗೆಯುವ ಚಿಮಟ ಸಾಕು. ಫ್ಯಾನ್ಸಿ ಅಂಗಡಿಯಲ್ಲಿ ಹುಬ್ಬು ಕೀಳಲು ಮಾರುವ ಪ್ಲಕ್ಕರ್ ಆದರೂ ತುದಿ ಸಣ್ಣಗಿದ್ದರೆ ಆಗುತ್ತದೆ. ಅದನ್ನು ಈ ಕೆಲಸಕ್ಕೇ ಮೀಸಲಿಡಬೇಕು. ಕೈಗೆ ಗ್ಲೌಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಪಕ್ಕದಲ್ಲಿ ಮುಚ್ಚಳವಿರುವ ಸಣ್ಣ ಬಾಟಲಿಯಲ್ಲಿ ಔಷಧಿ ಅಂಗಡಿಯ ಸ್ಪಿರಿಟ್ ಇರಲಿ.

ಕೂದಲು ಬಿಡಿಸಿ, ಚರ್ಮಕ್ಕೆ ತಾಗಿಸಿ, ಉಣುಗಿನ ಬಾಯಿಯ ಹತ್ತಿರ ಹಿಡಿಯಬೇಕು. ಹೊಟ್ಟೆ ಒತ್ತಬಾರದು. ಹಿಡಿದ ಮೇಲೆ ತಿರುಚದೆ, ಜಗ್ಗದೆ, ಒಂದೇ ಸಮನಾಗಿ ನೇರ ಮೇಲಕ್ಕೆ ಎಳೆಯಬೇಕು. ಚರ್ಮ ಸ್ವಲ್ಪ ಮೇಲೆದ್ದು, ಕ್ಷಣ ಹೊತ್ತಿನಲ್ಲಿ ಉಣುಗು ಇಡಿಯಾಗಿ ಬರುತ್ತದೆ. ಬಾಯಿಯ ತುಣುಕು ಒಳಗೇ ಉಳಿದರೆ ಚಿಮಟದಲ್ಲಿ ಸುಲಭವಾಗಿ ಬರುವುದಾದರೆ ತೆಗೆಯಿರಿ. ಬಾರದಿದ್ದರೆ ಸೂಜಿ ಹಾಕಿ ಕೆದಕಬೇಡಿ. ಚರ್ಮ ಮಾಯುವಾಗ ಅದು ತಾನೇ ಹೊರಬರುತ್ತದೆ. ಕಿತ್ತ ಉಣುಗನ್ನು ಸ್ಪಿರಿಟ್‌ಗೆ ಹಾಕಿ, ಸ್ಪಿರಿಟ್ ಇಲ್ಲದಿದ್ದರೆ ಅಂಟುಪಟ್ಟಿಯಲ್ಲಿ ಗಟ್ಟಿಯಾಗಿ ಮಡಿಸಿ ಎಸೆಯಿರಿ. ಜೀವಂತವಾಗಿ ಅಂಗಳಕ್ಕೆ ಬಿಸಾಡಿದರೆ, ಹೊಟ್ಟೆ ತುಂಬಿದ ಒಂದು ಹೆಣ್ಣು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕೊನೆಗೆ ಕಚ್ಚಿದ ಜಾಗವನ್ನೂ ನಿಮ್ಮ ಕೈಯನ್ನೂ ಚಿಮಟವನ್ನೂ ಸೋಪು ಹಚ್ಚಿ ತೊಳೆಯಿರಿ.

ನಾಯಿಗೂ ಮನುಷ್ಯರಿಗೂ ಕ್ರಮ ಒಂದೇ. ನಾಯಿಯನ್ನು ಅದಕ್ಕೆ ಸಲಿಗೆ ಇರುವವರೊಬ್ಬರು ಹಿಡಿದುಕೊಂಡರೆ ಸುಲಭ. ಕಿವಿಯ ಒಳಗೆ, ಕುತ್ತಿಗೆಯ ಸುತ್ತ, ಕಾಲ್ಬೆರಳ ಸಂದಿ, ತೊಡೆಸಂದಿ, ಬಾಲದ ಬುಡ ನೋಡಿ. ಮಕ್ಕಳಲ್ಲಿ ಕಿವಿಯ ಹಿಂದೆ, ತಲೆಗೂದಲು, ಕಂಕುಳು, ಹೊಕ್ಕಳು, ಮೊಣಕಾಲಿನ ಹಿಂಭಾಗ, ತೊಡೆಸಂದಿ ನೋಡಿ. ನಮ್ಮಲ್ಲಿ ಸೀರೆ, ಲಂಗದ ದಾರ ಕಟ್ಟುವ ಸೊಂಟದ ಪಟ್ಟಿಯನ್ನು ಮರೆಯದೆ ನೋಡಿಕೊಳ್ಳಬೇಕು. ಅತ್ತೆ ಸೊಸೆ ಪರಸ್ಪರ ಬೆನ್ನು ನೋಡಿಕೊಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇನ್ನೊಂದು ಸಣ್ಣ ಅಭ್ಯಾಸ. ಮನುಷ್ಯರಿಗೆ ಕಚ್ಚಿದ ಉಣುಗು ಕಿತ್ತ ದಿನ, ಯಾರಿಗೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಹಸುವಿಗೆ ಬೆದೆ ಬಂದ ದಿನ, ಇನಾಮು ಅಲ್ಲ, ಇಂಜೆಕ್ಷನ್ ಮಾಡಿಸಿದ ದಿನ ಬರೆಯುತ್ತೇವಲ್ಲ, ಹಾಗೆಯೇ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ಆರೋಗ್ಯ ಕೇಂದ್ರಕ್ಕೆ ಹೋಗಿ ಆ ದಿನಾಂಕ ಹೇಳಿ. ನಾಯಿ ಮಂಕಾಗಿ ಊಟ ಬಿಟ್ಟರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಪಶುವೈದ್ಯರಿಗೆ ತೋರಿಸಿ.

ಹಸುವಿನ ಉಣುಗಿಗೆ ತಂದ ಔಷಧಿಯನ್ನು ನಾಯಿಗೆ ಅಂದಾಜಿನಲ್ಲಿ ಹಚ್ಚಬೇಡಿ. ಬೆಕ್ಕಿಗಂತೂ ಮುಟ್ಟಿಸಲೇಬೇಡಿ, ಪ್ರಾಣಕ್ಕೇ ಅಪಾಯ. ಹಸುವಿಗೆ ಹಾಕಿದಾಗಲೂ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂದು ವೈದ್ಯರನ್ನು ಕೇಳಿಯೇ ಹಾಕಿ.

ಇದಕ್ಕೆ ಬರುವ ಮಾತುಗಳು

"ನಮ್ಮಜ್ಜಿ ಕಾಲದಿಂದ ಕೈಯಲ್ಲೇ ಕಿತ್ತಿದ್ದೇವೆ, ಏನಾಗಿದೆ?" ಎನ್ನುವವರಿದ್ದಾರೆ. ಏನೂ ಆಗಿಲ್ಲ ಎಂದು ನಮಗೆ ಹೇಗೆ ಗೊತ್ತು? ಅಜ್ಜಿಯ ಕಾಲದಲ್ಲಿ ಜ್ವರ ಬಂದು ಸತ್ತವರಿಗೆ ಯಾವ ಜ್ವರ ಎಂದು ಯಾರೂ ಹೆಸರಿಟ್ಟಿರಲಿಲ್ಲ. ಅಜ್ಜಿಯ ಎಲ್ಲ ಮದ್ದನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಬರಿಗೈಯಲ್ಲಿ ಕರೆದ ಹಾಲನ್ನು ಸೋಸದೆ ಹಾಕುವುದನ್ನು ಬಿಟ್ಟೆವಲ್ಲ, ಇದನ್ನೂ ಬಿಡಬಹುದು.

"ಚಿಮಟ ಹಿಡಿದರೆ ಮಂಗನ ಕಾಯಿಲೆ ನಿಲ್ಲುತ್ತದಾ?" ಎಂಬುದು ಹೆಚ್ಚು ನ್ಯಾಯವಾದ ಪ್ರಶ್ನೆ. ನಿಲ್ಲುವುದಿಲ್ಲ. ಉಣುಗಿನ ಮರಿ ಕಣ್ಣಿಗೆ ಬೀಳದೆಯೂ ಕಚ್ಚಬಹುದು, ಕೀಳುವ ಹೊತ್ತಿಗೆ ವೈರಾಣು ಒಳಗೆ ಹೋಗಿರಲೂಬಹುದು. ಆದ್ದರಿಂದ ಮೊದಲ ಕೆಲಸ ಕಚ್ಚದಂತೆ ನೋಡಿಕೊಳ್ಳುವುದು. ಮಂಗ ಸತ್ತ ಕಡೆ ಹೋಗಬಾರದು, ಅಲ್ಲಿಂದ ದರಗು ತರಲೇಬಾರದು. ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮೈತುಂಬ ಬಟ್ಟೆ ಹಾಕಬೇಕು. ಬಂದ ಕೂಡಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಇಷ್ಟೆಲ್ಲ ದಾಟಿಯೂ ಮೈಗೆ ಹತ್ತಿದ ಉಣುಗಿಗೆ ಚಿಮಟ. ಬೇಗ, ಇಡಿಯಾಗಿ, ಒಡೆಯದೆ ಕಿತ್ತಷ್ಟೂ ಅಪಾಯ ಕಡಿಮೆ.

"ಹಾಗಾದರೆ ನಾಯಿಯೇ ಬೇಡ" ಎಂದು ಕೆಲವರು ಸಾಕಿದ ನಾಯಿಯನ್ನು ಪೇಟೆಯಲ್ಲಿ ಬಿಟ್ಟು ಬರುತ್ತಾರೆ. ಅದು ಅನ್ಯಾಯ. ರಾತ್ರಿ ಕೊಟ್ಟಿಗೆ ಕಾಯುವುದು ಅದೇ. ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿದರೆ, ಗೋಡೆಯ ಬಿರುಕು ಮುಚ್ಚಿದರೆ, ದಿನಕ್ಕೆ ಐದು ನಿಮಿಷ ಅದರ ಮೈ ನೋಡಿದರೆ ನಾಯಿಯೂ ಇರುತ್ತದೆ, ನಾವೂ ಇರುತ್ತೇವೆ.

ಸಂಘದಿಂದ, ಒಕ್ಕೂಟದಿಂದ ನಾವು ಕೇಳಬೇಕಾದದ್ದು

ಪ್ರತಿ ಮನೆಯವರೂ ಚಿಮಟ ಕೊಂಡುಕೊಳ್ಳಿ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಹೇಳಿದ್ದೆಲ್ಲ ಕೊನೆಗೆ ಹೆಂಗಸರ ತಲೆಯ ಮೇಲೆ ಇನ್ನೊಂದು ಕೆಲಸವಾಗಿ ಕೂರುತ್ತದೆ. ಹಾಲು ನಮ್ಮೊಬ್ಬರದೇ ವ್ಯವಹಾರವಲ್ಲ, ಸಂಘದ್ದೂ ಹೌದು. ಉಣುಗಿನಿಂದ ಒಬ್ಬ ಸದಸ್ಯೆ ಹಾಸಿಗೆ ಹಿಡಿದರೆ ಕ್ಯಾನಿಗೆ ಬರುವ ಹಾಲೂ ಕಡಿಮೆಯಾಗುತ್ತದೆ. ಆದ್ದರಿಂದ ಮೂರು ಮಾತು ಕೇಳುತ್ತೇನೆ.

ಒಂದು, ಪಶು ಆಹಾರ, ಖನಿಜ ಮಿಶ್ರಣ ತಂದು ಕೊಡುವ ಹಾಗೆಯೇ ಪ್ರತಿ ಸಂಘವೂ ಚೂಪು ತುದಿಯ ಚಿಮಟಗಳನ್ನು ಒಟ್ಟಿಗೆ ತರಿಸಿ ಸದಸ್ಯರಿಗೆ ಕೊಡಲಿ. ಬೆಲೆಯನ್ನು ಬಟವಾಡೆಯಲ್ಲಿ ಹಿಡಿದುಕೊಂಡರೂ ಸರಿ. ಚಳಿಗಾಲಕ್ಕೆ ಮೊದಲು ಒಂದು ಸಭೆಯಲ್ಲಿ ಪಶುವೈದ್ಯರು ಹತ್ತು ನಿಮಿಷ ಕಿತ್ತು ತೋರಿಸಲಿ. ನೋಡಿ ಕಲಿತದ್ದು ಓದಿ ಕಲಿತದ್ದಕ್ಕಿಂತ ಗಟ್ಟಿ.

ಎರಡು, ಹಸುಗಳಿಗೆ ಶಿಬಿರ ಮಾಡುವ ದಿನ ನಾಯಿಗಳನ್ನೂ ಸೇರಿಸಿಕೊಳ್ಳಲಿ. ಹುಚ್ಚುನಾಯಿ ರೋಗದ ಲಸಿಕೆ ಮತ್ತು ಉಣುಗಿನ ಚಿಕಿತ್ಸೆ ಎರಡೂ ಒಂದೇ ದಿನ ಆಗಲಿ. ಹಸುವಿನ ಉಣುಗು ಮಾತ್ರ ತೆಗೆದು ನಾಯಿಯದನ್ನು ಬಿಟ್ಟರೆ, ಒಂದು ಬಾಗಿಲು ಹಾಕಿ ಇನ್ನೊಂದನ್ನು ತೆರೆದಿಟ್ಟಂತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಅದಕ್ಕೆ ದುಡ್ಡೂ ಬೇಕಿಲ್ಲ. ಯಾವ ಕಾಡಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಆರೋಗ್ಯ ಇಲಾಖೆಗೆ, ಅರಣ್ಯ ಇಲಾಖೆಗೆ, ಪಂಚಾಯಿತಿಗೆ ಹೋಗುತ್ತದೆ. ಆದರೆ ಮರುದಿನ ಬೆಳಿಗ್ಗೆ ಅದೇ ಕಾಡಿಗೆ ದರಗಿಗೆ ಹೊರಡುವವಳಿಗೆ ಅದು ತಲುಪುವುದಿಲ್ಲ. ಅವಳು ಪಂಚಾಯಿತಿಗೆ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಡೇರಿಗೆ ದಿನಕ್ಕೆ ಎರಡು ಸಲ ಬರುತ್ತಾಳೆ. ಫ್ಯಾಟ್ ದರ ಬರೆಯುವ ಹಲಗೆಯ ಮೇಲೆ, "ಇಂಥ ಕಡೆ ಮಂಗ ಸತ್ತಿದೆ, ಅತ್ತ ಹೋಗಬೇಡಿ" ಎಂದು ಅದೇ ದಿನ ಒಂದು ಸಾಲು ಬರೆಯಲಿ. ಸತ್ತ ಮಂಗವನ್ನು ಕಂಡವರೂ ಅದನ್ನು ಮುಟ್ಟದೆ ಬಂದು ಡೇರಿಯಲ್ಲಿ ತಿಳಿಸಲಿ, ಕಾರ್ಯದರ್ಶಿಗಳು ಆರೋಗ್ಯ ಕೇಂದ್ರಕ್ಕೆ ಫೋನು ಮಾಡಲಿ. ಊರಿನ ಪ್ರತಿ ಮನೆಯೂ ದಿನಕ್ಕೆರಡು ಬಾರಿ ಬಂದು ಹೋಗುವ ಜಾಗ ಡೇರಿ ಬಿಟ್ಟರೆ ಬೇರೆ ಯಾವುದಿದೆ?

ನಮ್ಮ ಸಂಘದಲ್ಲಿ ನನ್ನ ಪ್ರಶ್ನೆಗೆ ನಕ್ಕವರಲ್ಲಿ ನಾಲ್ಕು ಜನ ಮರುವಾರ ಚಿಮಟ ತಂದರು. ಅವರಲ್ಲಿ ಒಬ್ಬರು, ಮೊಮ್ಮಗನ ಕಿವಿಯ ಹಿಂದಿನಿಂದ ಉಣುಗು ಕಿತ್ತು ಸ್ಪಿರಿಟ್ ಬಾಟಲಿಗೆ ಹಾಕಿ, ಅದನ್ನು ಹಾಲಿನ ಕ್ಯಾನಿನ ಜೊತೆಗೇ ತಂದು ನನಗೆ ತೋರಿಸಿದರು. "ಇಡೀ ಬಂದಿದೆ ನೋಡು, ತಲೆ ಸಮೇತ" ಎಂದರು. ಕ್ಯಾಲೆಂಡರಿನಲ್ಲಿ ತಾರೀಕು ಬರೆದಿರಾ ಎಂದು ಕೇಳಿದೆ. ಬರೆದಿದ್ದರು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಮೂರು ಮಾತನ್ನು ನಾನು ಕೇಳುವವಳಿದ್ದೇನೆ. ನಿಮ್ಮ ನಿಮ್ಮ ಸಂಘಗಳಲ್ಲಿ ನೀವೂ ಕೇಳಿ.